ವಿಲ್ಲಿಸ್ ಸ್ಟೇಷನ್ ವ್ಯಾಗನ್ ಕತ್ತರಿಸಿ ಪಿಕಪ್ ಮಾಡಿಸಬಹುದೇ?

ಪ್ರಶ್ನೆ: ನಮ್ಮ ತಾತನ ಕಾಲದ 1956ರ ವಿಲ್ಲಿಸ್ ಜೀಪ್ ಸ್ಟೇಷನ್ ವ್ಯಾಗನ್ ಮೂಡಿಗೆರೆ ಹತ್ತಿರದ ತೋಟದ ಶೆಡ್ಡಿನಲ್ಲಿ ಇಪ್ಪತ್ತು ವರ್ಷದಿಂದ ನಿಂತಿದೆ. ನಾಲ್ಕು ಸಿಲಿಂಡರ್ ಪೆಟ್ರೋಲ್, ಫೋರ್ ವೀಲ್ ಡ್ರೈವ್. ಹಳೆಯ ಆರ್‌ಸಿ ಇದೆ. ಹಿಂಭಾಗದ ತಗಡು ಅಲ್ಲಲ್ಲಿ ತುಕ್ಕು ಹಿಡಿದಿದೆ. ಹಿಂದಿನ ಅರ್ಧ ಕತ್ತರಿಸಿ ಪಿಕಪ್ ಮಾಡಿಸಿದರೆ ತೋಟದ ಕೆಲಸಕ್ಕೂ ಆಗುತ್ತದೆ, ನೋಡಲೂ ಚೆನ್ನಾಗಿರುತ್ತದೆ ಎಂದು ಮಗ ಹಟ ಹಿಡಿದಿದ್ದಾನೆ. ಗ್ಯಾರೇಜಿನವರೂ ಒಪ್ಪಿದ್ದಾರೆ. ಮಾಡಿಸಬಹುದೇ? ಮಾಡಿಸುವುದಾದರೆ ಏನೇನು ನೋಡಿಕೊಳ್ಳಬೇಕು?

ಉತ್ತರ: ಬಾಡಿ ತನ್ನ ಕಾಲ ಮೇಲೆ ತಾನು ನಿಂತಿದ್ದರೆ ಕತ್ತರಿಸಬೇಡಿ. ಅಡಿಭಾಗದ ಬೀಮುಗಳು ಮತ್ತು ಹಿಂದಿನ ಕಂಬಗಳು ಕೊಳೆತು ಉದುರುತ್ತಿದ್ದರೆ ಮಾತು ಬೇರೆ, ಅದನ್ನು ಮುಂದೆ ಹೇಳುತ್ತೇವೆ. ಕತ್ತರಿಸಿದ ಗಾಡಿಗೆ ನಂಬರ್ ಪ್ಲೇಟ್ ಹಾಕಿ ರಸ್ತೆಗೆ ಇಳಿಸುವ ಆಸೆಯಿದ್ದರೆ ಅದನ್ನಂತೂ ಈಗಲೇ ಬಿಡಿ. ಕಾನೂನು ಬಿಡುವುದಿಲ್ಲ.

ನಿಮ್ಮ ಗಾಡಿಯಲ್ಲಿ ಯಾವ ಭಾಗ ಮತ್ತೆ ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂಬುದೇ ಇಲ್ಲಿ ಮುಖ್ಯ ಲೆಕ್ಕ. ಎಂಜಿನ್ 2199 ಸಿಸಿಯ ಎಫ್-ಹೆಡ್ ಹರಿಕೇನ್. ಇನ್‌ಟೇಕ್ ವಾಲ್ವು ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವು ಬ್ಲಾಕಿನಲ್ಲಿ ಇರುವ ವಿಚಿತ್ರ ಜೋಡಣೆ. ಇದೇ ಎಂಜಿನ್ನು, ಇದೇ ಟಿ-90 ಮೂರು ಗೇರಿನ ಬಾಕ್ಸು, ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಇದೇ ಸ್ಪೈಸರ್ 18 ಟ್ರಾನ್ಸ್‌ಫರ್ ಕೇಸು ಸಿಜೆ-3ಬಿ ಜೀಪಿಗೂ ಇತ್ತು. ಆ ಜೀಪನ್ನು ಮಹೀಂದ್ರ ನಮ್ಮಲ್ಲೇ ದಶಕಗಳ ಕಾಲ ತಯಾರಿಸಿತು. ಹಾಗಾಗಿ ಪಿಸ್ಟನ್, ರಿಂಗು, ಬೇರಿಂಗು, ಗೇರ್‌ಬಾಕ್ಸಿನ ಹಲ್ಲು, ಸೀಲುಗಳು ಹಳೆ ಜೀಪಿನ ಸಾಮಾನು ಮಾರುವ ಅಂಗಡಿಗಳಲ್ಲಿ ಇಂದಿಗೂ ಹುಡುಕಿದರೆ ಸಿಗುತ್ತವೆ. ಎಂಜಿನ್ ಜಾಮ್ ಆಗಿದೆ ಎಂದು ಯಾರಾದರೂ ಹೆದರಿಸಿದರೆ ಹೆದರಬೇಡಿ, ಅದು ಈ ಗಾಡಿಯ ಅಗ್ಗದ ರೋಗ.

ಬಾಡಿಯ ಕಥೆ ಹಾಗಲ್ಲ. ಮುಂಭಾಗದ ಬಾನೆಟ್, ಮಡ್‌ಗಾರ್ಡು, ಗ್ರಿಲ್ಲು ವಿಲ್ಲಿಸ್ ಪಿಕಪ್ಪಿಗೂ ಇದಕ್ಕೂ ಹಂಚಿಕೆಯಾಗಿದ್ದವು. ಬಾಗಿಲಿನ ಹಿಂದಿನ ಉದ್ದನೆಯ ಪಕ್ಕದ ತಗಡು, ಕಿಟಕಿಯ ಚೌಕಟ್ಟು, ಚಾವಣಿ, ಮೇಲೊಂದು ಕೆಳಗೊಂದು ತೆರೆಯುವ ಹಿಂಬಾಗಿಲು ಮಾತ್ರ ವ್ಯಾಗನ್ನಿನದೇ ಸೊತ್ತು. ನಿಮ್ಮ ಮಗ ಕತ್ತರಿಸಬೇಕೆಂದಿರುವುದು ಸರಿಯಾಗಿ ಆ ಭಾಗವನ್ನೇ. 1946ರಲ್ಲಿ ಬ್ರೂಕ್ಸ್ ಸ್ಟೀವನ್ಸ್ ವಿನ್ಯಾಸದಲ್ಲಿ ಬಂದ ಈ ಗಾಡಿ, ಮರದ ಬಾಡಿಯ ಕಾಲದಲ್ಲಿ ಪೂರ್ತಿ ಉಕ್ಕಿನಲ್ಲಿ ದೊಡ್ಡ ಸಂಖ್ಯೆಯಲ್ಲಿ ತಯಾರಾದ ಮೊದಲ ಸ್ಟೇಷನ್ ವ್ಯಾಗನ್. ಗೃಹೋಪಯೋಗಿ ವಸ್ತುಗಳಿಗೆ ತಗಡು ಒತ್ತುವ ಪ್ರೆಸ್ಸುಗಳಲ್ಲಿ ಇದರ ಫಲಕಗಳನ್ನು ಒತ್ತಬೇಕಿದ್ದರಿಂದ ಆರು ಇಂಚಿಗಿಂತ ಆಳದ ಬಾಗು ಎಲ್ಲೂ ಇಡಲಾಗಲಿಲ್ಲ. ಪಕ್ಕದ ಫಲಕಗಳು ಅಷ್ಟು ಚಪ್ಪಟೆಯಾಗಿರುವುದಕ್ಕೆ ಇದೂ ಒಂದು ಕಾರಣ. ಆ ಚಪ್ಪಟೆತನವೇ ವೆಲ್ಡಿಂಗ್ ಹೊತ್ತಿನಲ್ಲಿ ನಿಮ್ಮ ಶತ್ರುವಾಗುತ್ತದೆ, ನೆನಪಿರಲಿ.

"ಕಂಪನಿಯೇ ಪಿಕಪ್ ಮಾಡಿತ್ತಲ್ಲ, ನಾವು ಮಾಡಿದರೇನು?" ಎಂದು ಗ್ಯಾರೇಜಿನವರು ಹೇಳಬಹುದು. ಮಾಡಿತ್ತು ನಿಜ, 1947ರಿಂದಲೇ. ಆದರೆ ಬೇರೆ ಚಾಸಿಯ ಮೇಲೆ. ನಿಮ್ಮ ವ್ಯಾಗನ್ನಿನ ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವಿನ ಅಂತರ) 104.5 ಇಂಚು, ಅಂದರೆ 2654 ಮಿ.ಮೀ. ವಿಲ್ಲಿಸ್ ಪಿಕಪ್ಪಿನದು 118 ಇಂಚು, 2997 ಮಿ.ಮೀ. ನಡುವೆ 343 ಮಿ.ಮೀ. ವ್ಯತ್ಯಾಸ. ಕಂಪನಿ ಇದನ್ನು ಸುಮ್ಮನೆ ಉದ್ದ ಮಾಡಿದ್ದಲ್ಲ. ಉದ್ದ ಮಾಡಿದ್ದರಿಂದ ಹಿಂದಿನ ಆಕ್ಸಲ್ ಹೆಚ್ಚುಕಡಿಮೆ ತೊಟ್ಟಿಯ, ಅಂದರೆ ಹಿಂದೆ ಸರಕು ಹೇರುವ ಪೆಟ್ಟಿಗೆಯ, ನಡುವಿಗೆ ಬಂತು. ವ್ಯಾಗನ್ನಿನಲ್ಲಿ ಕ್ಯಾಬಿನ್ ಗೋಡೆಯನ್ನು ಬಾಗಿಲಿನ ಹಿಂದೆ ಎಬ್ಬಿಸಿದರೆ ಸಿಗುವ ತೊಟ್ಟಿಯ ನಡುಬಿಂದು ಆಕ್ಸಲ್ಲಿನ ಹಿಂದಕ್ಕೆ ಬೀಳುತ್ತದೆ. ಅದು 25 ಸೆಂ.ಮೀ. ಹಿಂದೆ ಬಿತ್ತು ಎಂದಿಟ್ಟುಕೊಂಡು ಲೆಕ್ಕ ಹಾಕಿ. 400 ಕೆಜಿ ಹೇರಿದರೆ ಹಿಂದಿನ ಆಕ್ಸಲ್ ಮೇಲೆ 400 ಅಲ್ಲ, ಸುಮಾರು 438 ಕೆಜಿ ಕೂರುತ್ತದೆ. ಹೆಚ್ಚಿನ 38 ಕೆಜಿ ಮುಂದಿನ ಚಕ್ರಗಳಿಂದ ಕಿತ್ತುಕೊಂಡದ್ದು. ಗೊಬ್ಬರದ ಚೀಲಗಳನ್ನು ಹಿಂಬಾಗಿಲ ಕಡೆಗೇ ಪೇರಿಸಿದರೆ ಇದು ಇನ್ನೂ ಏರುತ್ತದೆ. ಮಣ್ಣಿನ ಏರು ಹತ್ತುವಾಗ ಸ್ಟಿಯರಿಂಗ್ ಹಗುರವಾಗುವುದು, ಒದ್ದೆ ಇಳಿಜಾರಿನಲ್ಲಿ ಮುಂದಿನ ಬ್ರೇಕು ಹಿಡಿಯದೇ ಜಾರುವುದು ಈ 38 ಕೆಜಿಯ ಕೆಲಸ.

ಪಿಕಪ್ಪಿನ ಫೋರ್ ವೀಲ್ ಮಾದರಿಯನ್ನು ಒಂದು ಟನ್ನಿನ ಗಾಡಿಯೆಂದು ಮಾರುತ್ತಿದ್ದರು. ಅದಕ್ಕೆ ತಕ್ಕ ಚಾಸಿ, ಕಮಾನ್ ಪ್ಲೇಟು (ಸ್ಪ್ರಿಂಗಿನ ಪಟ್ಟಿ), ಆಕ್ಸಲ್ ಹೌಸಿಂಗು ಅದಕ್ಕಿತ್ತು. ವ್ಯಾಗನ್ನಿನದು ಜನ ಕೂರುವ ಲೆಕ್ಕದ ಸ್ಪ್ರಿಂಗು. ಎರಡು ಪ್ಲೇಟು ಜಾಸ್ತಿ ಹಾಕಿಸಿದರಾಯಿತು ಎನ್ನುವುದು ಅರ್ಧ ಪರಿಹಾರ. ಪ್ಲೇಟು ಗಟ್ಟಿಯಾದಷ್ಟೂ ಪೆಟ್ಟು ಚಾಸಿಗೆ ಹೋಗುತ್ತದೆ. ಮೊದಲು ಬಿರುಕು ಕಾಣುವುದು ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಹಿಡಿಸುವ ಹಿಂದಿನ ಶ್ಯಾಕಲ್ ಹ್ಯಾಂಗರಿನ ರಿವೆಟ್ಟುಗಳ ಸುತ್ತ.

ಕಾನೂನಿನ ಮಾತು ಬೇಗ ಮುಗಿಸೋಣ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕಿಂತ ಆರ್‌ಸಿಯ ವಿವರ ಬೇರೆಯಾಗುವಂತೆ ಮಾಲೀಕರು ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷ ತಿದ್ದುಪಡಿಯಾದ 182ಎ ಸೆಕ್ಷನ್ ಪ್ರಕಾರ, ಹೀಗೆ ಮಾರ್ಪಡಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ವ್ಯಾಗನ್ ಎಂದರೆ ಜನ ಸಾಗಿಸುವ ಕಾರು, ಪಿಕಪ್ ಎಂದರೆ ಸರಕು ಸಾಗಿಸುವ ಗಾಡಿ. ವರ್ಗವೇ ಬದಲಾಗುತ್ತದೆ. "ಇದೇ ಕಂಪನಿ ಪಿಕಪ್ಪನ್ನೂ ಮಾಡುತ್ತಿತ್ತು" ಎಂಬ ವಾದ ಆರ್‌ಟಿಓ ಕಚೇರಿಯಲ್ಲಿ ನಡೆಯದು. ನಿಮ್ಮ ಚಾಸಿ ನಂಬರ್ ವ್ಯಾಗನ್ನಿನದು, ವೀಲ್‌ಬೇಸೂ ವ್ಯಾಗನ್ನಿನದು.

"ತೋಟದೊಳಗೇ ಓಡಿಸುತ್ತೇವೆ, ರಸ್ತೆಗೆ ತರುವುದಿಲ್ಲ" ಎನ್ನುವವರು 39ನೇ ಸೆಕ್ಷನ್ ಓದಬೇಕು. ಸಾರ್ವಜನಿಕ ಸ್ಥಳದಲ್ಲಿ "ಅಥವಾ ಬೇರೆ ಯಾವುದೇ ಸ್ಥಳದಲ್ಲಿ" ನೋಂದಣಿಯಿಲ್ಲದ ಗಾಡಿ ಓಡಿಸುವಂತಿಲ್ಲ ಎಂಬ ಅರ್ಥದ ಮಾತು ಅದರಲ್ಲಿದೆ. ತೋಟದಲ್ಲಿ ಯಾರು ಬಂದು ಹಿಡಿಯುತ್ತಾರೆ ಎಂದು ಕೇಳಬಹುದು. ಯಾರೂ ಹಿಡಿಯುವುದಿಲ್ಲ. ಆದರೆ ಆಳುಗಳನ್ನು ತೊಟ್ಟಿಯಲ್ಲಿ ಕೂರಿಸಿಕೊಂಡು ಹೋಗುವಾಗ ಗಾಡಿ ಮಗುಚಿದರೆ ಆಗ ವಿಮೆಯೂ ಇಲ್ಲ, ನೋಂದಣಿಯೂ ಇಲ್ಲ.

ಕಳೆದುಕೊಳ್ಳುವುದು ಇನ್ನೊಂದಿದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಸ್ವಂತ ಬಳಕೆಯದಾಗಿರಬೇಕು, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ನಂತರ 5,000. ಈಗಾಗಲೇ ನೋಂದಣಿಯಾದ ಗಾಡಿ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥವಕ್ಕಷ್ಟೇ ರಸ್ತೆಗೆ ತರಬಹುದು, ದಿನನಿತ್ಯದ ಓಡಾಟಕ್ಕಲ್ಲ. ನಿಮ್ಮ 1956ರ ಗಾಡಿ ವಯಸ್ಸಿನಲ್ಲಿ ಪಾಸು. ಗ್ರೈಂಡರ್ ಆನ್ ಮಾಡಿದ ಕ್ಷಣ ಫೇಲು.

ಹಾಗಾದರೆ ನಿಮ್ಮ ಗಾಡಿ ಯಾವ ಸ್ಥಿತಿಯಲ್ಲಿದೆ? ನೀವು ಹೇಳಿದ "ಅಲ್ಲಲ್ಲಿ ತುಕ್ಕು" ಹೊರಗಿನ ತಗಡಿನದೋ ಒಳಗಿನ ಎಲುಬಿನದೋ ಗೊತ್ತಾಗದೆ ಏನನ್ನೂ ತೀರ್ಮಾನಿಸಲಾಗದು. ಒಂದು ಹಳೆ ಸ್ಕ್ರೂಡ್ರೈವರ್, ಒಂದು ಚಿಕ್ಕ ಸುತ್ತಿಗೆ, ಒಂದು ಟಾರ್ಚು ತೆಗೆದುಕೊಳ್ಳಿ. ಗಾಡಿಯನ್ನು ಜಾಕಿಯಲ್ಲಿ ಎತ್ತಿ, ಚಾಸಿಯಡಿ ಗಟ್ಟಿಯಾದ ಸ್ಟ್ಯಾಂಡು ಕೊಟ್ಟ ಮೇಲೆ ಮಾತ್ರ ಕೆಳಗೆ ನುಸುಳಿ.

ಮೊದಲು ಬಾಡಿ ಮತ್ತು ಚಾಸಿ ಸೇರುವ ಬೋಲ್ಟುಗಳ ಜಾಗ. ಬಾಡಿಯ ನೆಲದಡಿ ಅಡ್ಡ ಬೀಮುಗಳಿವೆ, ಅವುಗಳ ತುದಿಯಲ್ಲಿ ಬೋಲ್ಟು, ನಡುವೆ ಪ್ಯಾಡು. ಪ್ಯಾಡು ನೀರು ಹೀರಿಕೊಂಡು ಕೂರುವುದರಿಂದ ಮಲೆನಾಡಿನ ಗಾಡಿಗಳಲ್ಲಿ ಕೊಳೆತ ಶುರುವಾಗುವುದೇ ಅಲ್ಲಿಂದ. ಸ್ಕ್ರೂಡ್ರೈವರ್ ಒತ್ತಿ. ಕಪ್ಪು ಚಕ್ಕೆ ಎದ್ದು ಒಳಗೆ ಗಟ್ಟಿ ಲೋಹ ತಗುಲಿದರೆ ಪರವಾಗಿಲ್ಲ. ಮೊನೆ ಒಳಗೆ ಹೊಕ್ಕರೆ ಆ ಬೀಮು ಹೋಯಿತು. ಎರಡನೆಯದು ಹಿಂದಿನ ಚಕ್ರದ ಕಮಾನು ಒಳಗಿನ ಗೋಡೆಯನ್ನು ಸೇರುವ ಜಾಗ. ಹೊರಗಿನಿಂದ ಬಣ್ಣ ಚೆನ್ನಾಗಿ ಕಂಡರೂ ಒಳಗೆ ಮಣ್ಣು ಕೂತಿರುತ್ತದೆ, ಕೈಯಿಂದ ಕೆರೆದು ತೆಗೆಯಿರಿ. ಮೂರನೆಯದು ಬಾಗಿಲಿನ ಹಿಂದಿನ ಕಂಬದ ಬುಡ. ಸುತ್ತಿಗೆಯಿಂದ ತಟ್ಟಿದಾಗ ಟಣ್ ಎಂದರೆ ಸರಿ, ದಪ್ ಎಂದರೆ ಒಳಗೆ ಪುಟ್ಟಿಯೋ ತುಕ್ಕೋ ಇದೆ. ಕೊನೆಗೆ ಹಿಂಬಾಗಿಲ ಚೌಕಟ್ಟಿನ ಕೆಳಮೂಲೆಗಳು ಮತ್ತು ಚಾವಣಿಯ ನೀರುದಾರಿಯ ಅಂಚು.

ಚಾಸಿಗೆ ಇನ್ನೊಂದು ಪರೀಕ್ಷೆ. ಮುಂದಿನ ಸ್ಪ್ರಿಂಗ್ ಹ್ಯಾಂಗರಿನಿಂದ ಎದುರು ಬದಿಯ ಹಿಂದಿನ ಹ್ಯಾಂಗರಿಗೆ ಟೇಪ್ ಹಿಡಿದು ಎರಡೂ ಕರ್ಣಗಳನ್ನು ಅಳೆಯಿರಿ. ಟೇಪನ್ನು ಗಾಳಿಯಲ್ಲಿ ಎಳೆಯುವುದಕ್ಕಿಂತ, ನಾಲ್ಕೂ ಬಿಂದುಗಳಿಂದ ತೂಗುಗುಂಡು ಇಳಿಬಿಟ್ಟು ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿಕೊಂಡು ಅಳೆದರೆ ನಿಖರ. ವ್ಯತ್ಯಾಸ 6 ಮಿ.ಮೀ. ಒಳಗಿದ್ದರೆ ಚಾಸಿ ನೇರವಾಗಿದೆ.

ಅಡ್ಡ ಬೀಮುಗಳಲ್ಲಿ ಎರಡೋ ಮೂರೋ ಹೋಗಿ, ಪಕ್ಕದ ತಗಡಿನ ಕೆಳಗಿನ ಒಂದು ಗೇಣು ತೂತಾಗಿದ್ದರೆ ಗಾಬರಿ ಬೇಡ. ಇದು ಒಳ್ಳೆ ಟಿಂಕರ್ ಒಬ್ಬರ ಕೈಯಲ್ಲಿ ಸರಿಯಾಗುವ ಕೆಲಸ. ಚಪ್ಪಟೆ ತಗಡಾದ್ದರಿಂದ ಅಳತೆಗೆ ತುಂಡು ಮಾಡಿಕೊಳ್ಳುವುದೂ ಸುಲಭ. ಪಿಕಪ್ ಮಾಡಲು ಹಿಡಿಯುವ ಕೂಲಿಯ ಅರ್ಧದಷ್ಟೂ ಇದಕ್ಕೆ ಬೇಕಾಗದು. ಪಿಕಪ್ ಮಾಡಿಸಿದರೆ ತುಕ್ಕಿನ ಕೆಲಸ ತಪ್ಪುತ್ತದೆ ಎಂಬುದು ದೊಡ್ಡ ಭ್ರಮೆ. ಕೊಳೆತ ಬೀಮುಗಳ ಮೇಲೆಯೇ ಹೊಸ ಕ್ಯಾಬಿನ್ನೂ ಕೂರಬೇಕು. ಅವನ್ನು ಹೇಗಿದ್ದರೂ ಸರಿಮಾಡಲೇಬೇಕು.

ಹಿಂದಿನ ಎರಡೂ ಕಂಬ, ಚಕ್ರದ ಕಮಾನು, ಹಿಂಬಾಗಿಲ ಚೌಕಟ್ಟು ಮೂರೂ ಹೋಗಿದ್ದರೆ, ಅಥವಾ ಹಿಂದೆ ಯಾರೋ ಚಾವಣಿ ಕತ್ತರಿಸಿ ತಾಡಪಾಲು ಕಟ್ಟಿಬಿಟ್ಟಿದ್ದರೆ, ಉಳಿಸಲು ವ್ಯಾಗನ್ನೇ ಇಲ್ಲ. ಆಗ ಮುಂಭಾಗವನ್ನು ಉಳಿಸಿಕೊಂಡು ಪ್ರದರ್ಶನದ ವಸ್ತುವಾಗಿ ಪಿಕಪ್ ರೂಪ ಕೊಡುವುದನ್ನು ನಾವು ತಪ್ಪೆನ್ನುವುದಿಲ್ಲ. ಅಮೆರಿಕದಲ್ಲಿ ಇಂಥದ್ದೇ ವ್ಯಾಗನ್ ಇಟ್ಟುಕೊಂಡಿರುವ ಕನ್ನಡಿಗರಿಗೆ ಕಾನೂನಿನ ಕಟ್ಟು ಸಡಿಲ. ಆದರೆ ಅಲ್ಲೂ ಒಂದೊಂದು ರಾಜ್ಯಕ್ಕೆ ಒಂದೊಂದು ರೀತಿ, ಕ್ಯಾಲಿಫೋರ್ನಿಯಾದಲ್ಲಿ ಪಿಕಪ್ ಆದ ಕೂಡಲೇ ವಾಣಿಜ್ಯ ನೋಂದಣಿ, ತೂಕದ ಶುಲ್ಕ ಶುರುವಾಗುತ್ತದೆ. ಮುಂದಿನ ಮಾತು ಈ ಎರಡು ಬಗೆಯವರಿಗೆ.

ಕತ್ತರಿಸುವ ಕ್ರಮ

ಮೊದಲು ಬಿಚ್ಚುವುದು. ಬ್ಯಾಟರಿ, ಎಲ್ಲ ಗಾಜು, ಸೀಟು, ಹಿಂದಿನ ವೈರಿಂಗು, ಪೆಟ್ರೋಲ್ ಟ್ಯಾಂಕು ಮತ್ತು ಅದರ ಕೊಳವೆ. ಟ್ಯಾಂಕು ಖಾಲಿಯಿದೆ ಎಂದು ಗಾಡಿಯಲ್ಲೇ ಬಿಟ್ಟು ವೆಲ್ಡಿಂಗ್ ಮಾಡಬೇಡಿ. ತುಂಬಿದ ಟ್ಯಾಂಕಿಗಿಂತ ಆವಿ ತುಂಬಿದ ಖಾಲಿ ಟ್ಯಾಂಕು ಅಪಾಯಕಾರಿ. ಇಪ್ಪತ್ತು ವರ್ಷ ನಿಂತದ್ದರಲ್ಲೂ ಗೋಂದಿನಂಥ ಪೆಟ್ರೋಲ್ ತಳದಲ್ಲಿ ಇರುತ್ತದೆ.

ಗಾಡಿಯನ್ನು ಸಮನೆಲದಲ್ಲಿ ಚಾಸಿಯಡಿ ನಾಲ್ಕು ಸ್ಟ್ಯಾಂಡು ಕೊಟ್ಟು ನಿಲ್ಲಿಸಿ, ಮಟ್ಟಗೋಲು ಇಟ್ಟು ನೋಡಿ. ಬಾಡಿ ಬೋಲ್ಟುಗಳೆಲ್ಲ ಬಿಗಿಯಾಗಿರಲಿ. ಆಮೇಲೆ ಅತಿ ಮುಖ್ಯವಾದ, ಬಹಳ ಗ್ಯಾರೇಜುಗಳು ಬಿಟ್ಟುಬಿಡುವ ಕೆಲಸ: ಒಳಗೆ ಆಧಾರ ಕಟ್ಟುವುದು. 25 × 25 × 2 ಮಿ.ಮೀ. ಚೌಕ ಪೈಪು ಸಾಕು. ಒಂದೊಂದು ಬಾಗಿಲ ತೆರವಿಗೂ ಒಂದು ಕರ್ಣ, ಎಡ ಕಂಬದಿಂದ ಬಲ ಕಂಬಕ್ಕೆ ಸೊಂಟದ ಎತ್ತರದಲ್ಲಿ ಒಂದು, ಚಾವಣಿಯ ಕೆಳಗೆ ಒಂದು, ಎರಡು ಕಂಬಗಳ ನಡುವೆ ಗುಣಿಸು ಆಕಾರದಲ್ಲಿ ಎರಡು. ಬಾಗಿಲುಗಳನ್ನು ಹಾಕಿಟ್ಟು, ಸುತ್ತಲಿನ ಸಂದು ಎಷ್ಟೆಂದು ಆರಾರು ಕಡೆ ಬರೆದುಕೊಂಡು, ನಂತರವೇ ಪೈಪನ್ನು ಟ್ಯಾಕ್ ಮಾಡಿ, ಅಂದರೆ ಚುಕ್ಕಿ ಚುಕ್ಕಿಯಾಗಿ ವೆಲ್ಡ್ ಹಾಕಿ. ಚಾವಣಿ ತೆಗೆದ ಕೂಡಲೇ ಕಂಬಗಳು ಹೊರಕ್ಕೋ ಒಳಕ್ಕೋ ನಾಲ್ಕೈದು ಮಿಲಿಮೀಟರ್ ಸರಿಯುತ್ತವೆ. ಆಧಾರವಿಲ್ಲದೆ ಸರಿದರೆ ಬಾಗಿಲು ಮತ್ತೆಂದೂ ಸರಿಯಾಗಿ ಹಾಕಿಕೊಳ್ಳುವುದಿಲ್ಲ.

ಎಲ್ಲಿ ಕತ್ತರಿಸಬೇಕು? ಕಂಬಕ್ಕೆ ತಾಗಿಸಿ ಅಲ್ಲ. ಬಾಗಿಲ ಹಿಂದಿನ ಕಂಬದಿಂದ ಕನಿಷ್ಠ 15 ಸೆಂ.ಮೀ. ತಗಡು ಬಿಟ್ಟು ಗುರುತು ಹಾಕಿ. ಕಂಬದ ಒಳಗಿನ ಪಟ್ಟಿ, ಹೊರಗಿನ ಫಲಕ ಎರಡೂ ಅಲ್ಲೇ ಸೇರಿ ಗಟ್ಟಿಯಾಗಿವೆ. ಸೀಟನ್ನು ಹಿಂದಕ್ಕೆ ಸರಿಸುವ ಜಾಗವೂ ಬೇಕು. ನಿಮ್ಮ ಉದ್ದದ ಡ್ರೈವರು ಒಬ್ಬರನ್ನು ಕೂರಿಸಿ, ಬೆನ್ನಿನ ಹಿಂದೆ ನಾಲ್ಕು ಬೆರಳು ಜಾಗ ಉಳಿಯುವಂತೆ ಗೋಡೆಯ ಗೆರೆ ಎಳೆಯಿರಿ. ಕ್ಯಾಬಿನ್ನಿನಲ್ಲಿ ಹತ್ತು ಸೆಂ.ಮೀ. ಉಳಿಸಲು ಹೋಗಿ ಮಂಡಿ ಸ್ಟಿಯರಿಂಗಿಗೆ ತಾಗುವ ಪಿಕಪ್ಪುಗಳನ್ನು ಮಾಡಿಟ್ಟವರು ಬಹಳ.

ಗ್ಯಾಸ್ ಕಟಿಂಗ್ ಬೇಡವೇ ಬೇಡ. 4 ಇಂಚಿನ ಗ್ರೈಂಡರಿಗೆ 1 ಮಿ.ಮೀ. ತೆಳು ಡಿಸ್ಕು ಹಾಕಿ ಕತ್ತರಿಸಿ, ಇಪ್ಪತ್ತೈದು ಡಿಸ್ಕು ಕೈಯಲ್ಲಿರಲಿ. ಗುರುತಿನ ಮೇಲೆಯೇ ಕತ್ತರಿಸದೆ 25 ಮಿ.ಮೀ. ಹೊರಗೆ ಕತ್ತರಿಸಿ, ಆಮೇಲೆ ಅಂತಿಮ ಗೆರೆಗೆ ತನ್ನಿ. ತೆಗೆದ ಚಾವಣಿಯ ಹಿಂತುದಿಯನ್ನು ಗುಜರಿಗೆ ಎಸೆಯಬೇಡಿ, ನಿಮ್ಮ ಕ್ಯಾಬಿನ್ನಿನ ಹಿಂಗೋಡೆ ಅದರಲ್ಲೇ ಇದೆ. ಹಿಂಬಾಗಿಲ ಮೇಲ್ಭಾಗದ ಚೌಕಟ್ಟನ್ನು, ಚಾವಣಿಯ ಮಡಿಕೆ ಅಂಚಿನ ಸಮೇತ ಒಂದೇ ತುಂಡಾಗಿ ಕತ್ತರಿಸಿ ಮುಂದಕ್ಕೆ ತಂದು ಕಂಬಗಳ ಹಿಂದೆ ಕೂರಿಸಿದರೆ, ಚಾವಣಿಯ ಅಂಚು ಕಂಪನಿಯ ಬಾಗಿನಲ್ಲೇ ಮುಗಿಯುತ್ತದೆ, ಹಿಂದಿನ ಗಾಜಿಗೆ ಸಿದ್ಧ ಚೌಕಟ್ಟು ಸಿಗುತ್ತದೆ. ಚಾವಣಿ ಉದ್ದಕ್ಕೂ ಒಂದೇ ಅಗಲವಿದೆ ಎಂದು ನಂಬಿ ಕತ್ತರಿಸಬೇಡಿ, ಎರಡೂ ಕಡೆ ಅಳೆದು ನೋಡಿ. ಅಗಲ ಕಡಿಮೆ ಬಿದ್ದರೆ ನಡುವೆ ಸೀಳಿ ಪಟ್ಟಿ ಸೇರಿಸಬೇಕು, ಹೆಚ್ಚಾದರೆ ಅಷ್ಟನ್ನು ತೆಗೆಯಬೇಕು. ಸೀಳುವುದಾದರೆ ಸರಿಯಾಗಿ ಮಧ್ಯದಲ್ಲಿ.

ಹಿಂಗೋಡೆಯ ಕೆಳಭಾಗಕ್ಕೆ 18 ಗೇಜ್ ತಗಡು ಸಾಕು. 8 × 4 ಅಡಿಯ ಒಂದು ಹಾಳೆ 28 ಕೆಜಿ ತೂಗುತ್ತದೆ, ಗೋಡೆಗೆ ಒಂದೇ ಹಾಳೆ ಸಾಲುತ್ತದೆ. ಚಪ್ಪಟೆ ಬಿಡದೆ ಪ್ರೆಸ್ಸಿನಲ್ಲಿ ಎರಡು ಮೂರು ಗೆರೆ ಉಬ್ಬಿಸಿ, ಇಲ್ಲದಿದ್ದರೆ ಓಡುವಾಗ ಡಬ್‌ಡಬ್ ಎಂದು ಬಡಿದುಕೊಂಡು ತಲೆ ಕೆಡಿಸುತ್ತದೆ. ತೊಟ್ಟಿಯ ನೆಲಕ್ಕೆ 16 ಗೇಜ್, ಅದರಡಿ 40 ಸೆಂ.ಮೀ.ಗೊಂದು ಟೊಪ್ಪಿ ಆಕಾರದ ಅಡ್ಡ ಬೀಮು. ವ್ಯಾಗನ್ನಿನ ಕೆಳಗಿನ ಹಿಂಬಾಗಿಲನ್ನೇ ತೊಟ್ಟಿಯ ಬಾಗಿಲಾಗಿ ಇಟ್ಟುಕೊಳ್ಳಿ, ಅದರ ಕೀಲೂ ಸರಪಳಿಯೂ ಹೊರೆಗೆ ತಡೆಯುತ್ತವೆ. ನೆಲದ ನಾಲ್ಕು ಮೂಲೆಗಳಲ್ಲಿ 12 ಮಿ.ಮೀ. ನೀರುತೂತು ಬಿಡಿ.

ಇನ್ನು ವೆಲ್ಡಿಂಗ್. 0.8 ಮಿ.ಮೀ. ತಂತಿಯ ಮಿಗ್ ಯಂತ್ರವೇ (ತಂತಿ ತಾನಾಗಿ ಬರುವ, ಗ್ಯಾಸ್ ಹೊದಿಕೆಯ ವೆಲ್ಡಿಂಗ್ ಯಂತ್ರ) ಆಗಬೇಕು. ರಾಡ್ ವೆಲ್ಡಿಂಗಿಗೆ ಈ ತಗಡು ತಡೆಯದು, ತೂತು ಬೀಳುತ್ತದೆ. ಚಾವಣಿಯ ಕೂಡುಗೆರೆಯನ್ನು ಒಂದೇ ಎಳೆತಕ್ಕೆ ಎಳೆದರೆ ಇಡೀ ಚಾವಣಿ ಅಲೆ ಅಲೆಯಾಗಿ ಎದ್ದುಬಿಡುತ್ತದೆ. ಬಾಗಿದ ತಗಡು ಶಾಖವನ್ನು ಸ್ವಲ್ಪ ತಾಳಿಕೊಳ್ಳುತ್ತದೆ, ಚಪ್ಪಟೆಯದು ತಾಳುವುದಿಲ್ಲ, ಹಿಗ್ಗಲು ಅದಕ್ಕೆ ಜಾಗವೇ ಇಲ್ಲ. ಆದ್ದರಿಂದ 5 ಸೆಂ.ಮೀ.ಗೊಂದು ಟ್ಯಾಕ್ ಹಾಕಿ, ಆಮೇಲೆ ಒಂದು ತುದಿಯಲ್ಲಿ 1 ಸೆಂ.ಮೀ., ಇನ್ನೊಂದು ತುದಿಯಲ್ಲಿ 1 ಸೆಂ.ಮೀ., ಮತ್ತೆ ನಡುವೆ, ಹೀಗೆ ಹಾರಿ ಹಾರಿ ಹೋಗಬೇಕು. ಬರಿಗೈ ಇಟ್ಟರೆ ಸುಡದಷ್ಟು ಆರಿದ ಮೇಲೆ ಮುಂದಿನದು. ಒದ್ದೆ ಬಟ್ಟೆ ಇಟ್ಟು ತಣಿಸುವುದು ನಮ್ಮಲ್ಲಿ ರೂಢಿ, ಆದರೆ ಥಟ್ಟನೆ ತಣಿಸಿದರೆ ವೆಲ್ಡು ಗಡಸಾಗಿ ಅಂಚಿನಲ್ಲಿ ಸೀಳಬಹುದು. ಗಾಳಿ ಊದಿದರೆ ಸಾಕು. ಚಾವಣಿಯ ಒಂದು ಕೂಡುಗೆರೆಗೆ ಒಂದು ದಿನ ಹಿಡಿಯುತ್ತದೆ. ಎರಡು ಗಂಟೆಯಲ್ಲಿ ಮುಗಿಸುತ್ತೇನೆ ಎನ್ನುವವರಿಗೆ ಗಾಡಿ ಕೊಡಬೇಡಿ, ಅವರು ಮುಗಿಸಿದ್ದನ್ನು ಸೆಂಟಿಮೀಟರ್ ದಪ್ಪದ ಪುಟ್ಟಿ ಮುಚ್ಚಿರುತ್ತದೆ. ಪುಟ್ಟಿ 2 ಮಿ.ಮೀ. ದಾಟಿದರೆ ಎರಡನೇ ಮಳೆಗಾಲದೊಳಗೆ ಬಿರುಕು ಬಿಟ್ಟು ನೀರು ಒಳಗಿಳಿಯುತ್ತದೆ.

ಒಂದರ ಮೇಲೊಂದು ಬರುವ ಕಡೆ 8 ಮಿ.ಮೀ. ತೂತು ಕೊರೆದು 40 ಮಿ.ಮೀ.ಗೊಂದರಂತೆ ಪ್ಲಗ್ ವೆಲ್ಡ್, ಅಂದರೆ ಆ ತೂತನ್ನೇ ತುಂಬುವ ವೆಲ್ಡ್. ಸೇರಿಸುವ ಮುಂಚೆ ಎರಡೂ ಮುಖಕ್ಕೆ ಸತುವಿನ ಪ್ರೈಮರ್, ಸೇರಿಸಿದ ಮೇಲೆ ಸಂದಿಗೆ ಪಾಲಿಯುರಿಥೇನ್ ಸೀಲರ್, ಬಣ್ಣವಾದ ಮೇಲೆ ಕಂಬ ಮತ್ತು ಬೀಮುಗಳ ಹೊಟ್ಟೆಗೆ ಮೇಣದ ದ್ರವ. ಸತುವಿನ ಪ್ರೈಮರ್ ಸುಟ್ಟಾಗ ಬರುವ ಬಿಳಿ ಹೊಗೆ ಜ್ವರ ತರಿಸುತ್ತದೆ, ಶೆಡ್ಡಿನ ಎರಡೂ ಬಾಗಿಲು ತೆರೆದಿರಲಿ.

ಎಲ್ಲಕ್ಕಿಂತ ಹೆಚ್ಚು ಕೆಡುವುದು ಕ್ಯಾಬಿನ್ನಿಗೂ ತೊಟ್ಟಿಗೂ ನಡುವೆ. ಕಾರಿನಂತೆ ಒಂದೇ ಮೈಯಾಗಿ ಕಾಣಲಿ ಎಂದು ಎರಡನ್ನೂ ಸೇರಿಸಿ ವೆಲ್ಡ್ ಮಾಡಿಸುವವರಿದ್ದಾರೆ. ಏಣಿಯಂಥ ಈ ಚಾಸಿ ಹಳ್ಳ ದಿಣ್ಣೆಯಲ್ಲಿ ತಿರುಚಿಕೊಳ್ಳುತ್ತದೆ, ತಿರುಚಿಕೊಳ್ಳಲೆಂದೇ ಅದನ್ನು ಹಾಗೆ ಮಾಡಿದ್ದು. ವ್ಯಾಗನ್ನಿನಲ್ಲಿ ಚಾವಣಿ ಮತ್ತು ಪಕ್ಕದ ಗೋಡೆ ಸೇರಿ ಪೆಟ್ಟಿಗೆಯಾಗಿ ಆ ತಿರುಚನ್ನು ತಡೆಹಿಡಿಯುತ್ತಿದ್ದವು. ಪೆಟ್ಟಿಗೆ ಹೋದ ಮೇಲೆ ಚಾಸಿ ಮೊದಲಿಗಿಂತ ಹೆಚ್ಚು ತಿರುಚುತ್ತದೆ. ಸೇರಿಸಿ ಬೆಸೆದ ಗಾಡಿ ಒಂದು ವರ್ಷದೊಳಗೆ ಬಾಗಿಲಿನ ಹಿಂದಿನ ಕೆಳಮೂಲೆಯಿಂದ ಹರಿಯಲು ಶುರುಮಾಡುತ್ತದೆ. ಆದ್ದರಿಂದ ಕ್ಯಾಬಿನ್ ಬೇರೆ, ತೊಟ್ಟಿ ಬೇರೆ, ನಡುವೆ 25ರಿಂದ 30 ಮಿ.ಮೀ. ಸಂದು. ತೊಟ್ಟಿಯನ್ನು ಚಾಸಿಗೆ ಆರು ಕಡೆ ರಬ್ಬರ್ ಪ್ಯಾಡಿನ ಮೇಲೆ ಬೋಲ್ಟು ಹಾಕಿ, ವೆಲ್ಡ್ ಬೇಡ. ಕ್ಯಾಬಿನ್ನಿನ ಹಿಂಗೋಡೆಯಡಿ ಬಾಡಿಯನ್ನು ಚಾಸಿಗೆ ಬಿಗಿಯುವ ಮೌಂಟು ಹೊಸದಾಗಿ ಎರಡು ಬೇಕೇ ಬೇಕು, ಮೊದಲು ಆ ಭಾರ ಹಿಂದಿನ ಮೌಂಟುಗಳ ಮೇಲಿತ್ತು.

ಸೀಟ್ ಬೆಲ್ಟು ಹಾಕಿಸುವುದಾದರೆ ತಗಡಿಗೆ ಬೋಲ್ಟು ಬಿಗಿದು ಸುಮ್ಮನಾಗಬೇಡಿ. ಹಿಂದೆ 3 ಮಿ.ಮೀ. ದಪ್ಪದ, ಅಂಗೈಯಗಲದ ಪ್ಲೇಟು ಕೊಡಿ. ಹಿಂದಿನ ಗಾಜು ಟಫನ್ಡ್ ಇಲ್ಲವೇ ಲ್ಯಾಮಿನೇಟೆಡ್ ಆಗಿರಲಿ, ಕಿಟಕಿಯ ಸಾದಾ ಗಾಜು ಬೇಡ. ಹೊರೆ ಮುಂದೆ ಜಾರಿದರೆ ಒಡೆದ ಗಾಜು ಡ್ರೈವರಿನ ಕುತ್ತಿಗೆಗೆ ಬರುತ್ತದೆ. ಗಾಜಿನ ಹಿಂದೆ, ತೊಟ್ಟಿಯ ಕಡೆ, ಪೈಪಿನ ಜಾಲರಿ ಒಂದು ಇರಲಿ.

ಮುಗಿದ ಮೇಲೆ ಬ್ರೇಕು ನೋಡಿ. ನಾಲ್ಕೂ ಡ್ರಮ್ಮು, ಒಂದೇ ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರು, ಪೆಡಲಿಗೆ ಬಲ ಕೊಡುವ ಬೂಸ್ಟರ್ ಇಲ್ಲ. ಚಾವಣಿ, ಗಾಜು, ಸೀಟು ಹೋಗಿ ಹಿಂಭಾಗ ಹಗುರವಾದ್ದರಿಂದ ಖಾಲಿ ಗಾಡಿಯಲ್ಲಿ ಹಿಂದಿನ ಚಕ್ರ ಬೇಗ ಲಾಕ್ ಆಗಿ ಬಾಲ ಅತ್ತಿತ್ತ ಹೊಡೆಯುತ್ತದೆ. ಮೇಲೆ ಹೇಳಿದಂತೆ ಪ್ಲೇಟು ಹೆಚ್ಚಿಸಿದ್ದರೆ ಅದು ಇನ್ನೂ ಜೋರು, ಕಲ್ಲುದಾರಿಯಲ್ಲಿ ಹಿಂಭಾಗ ಕುಪ್ಪಳಿಸುತ್ತದೆ. ಖಾಲಿ ಅಂಗಳದಲ್ಲಿ 20ರಿಂದ 30 ಕಿ.ಮೀ. ವೇಗದಲ್ಲಿ ಬ್ರೇಕ್ ಹಾಕಿ ನೋಡಿ, ಮೊದಲು ಲಾಕ್ ಆಗಬೇಕಾದದ್ದು ಮುಂದಿನ ಚಕ್ರ.

ಕತ್ತರಿಸದೆ ಕೆಲಸಕ್ಕೆ

ನಿಮಗೆ ಬೇಕಿರುವುದು ತೋಟಕ್ಕೆ ಸಾಮಾನು ಸಾಗಿಸುವ ಗಾಡಿ ಎಂದಾದರೆ ವ್ಯಾಗನ್ನಿನ ಹಿಂದಿನ ಸೀಟು ಬಿಚ್ಚಿ, 12 ಮಿ.ಮೀ. ಪ್ಲೈವುಡ್ ಹಾಸಿ, ಕೆಳಗಿನ ಹಿಂಬಾಗಿಲು ಇಳಿಸಿದರೆ ಏಣಿ, ಪೈಪು, ಔಷಧಿ ಡ್ರಮ್ಮು, ಕಾಫಿ ಚೀಲ ಎಲ್ಲಕ್ಕೂ ಜಾಗವಿದೆ. ಮಳೆಯಲ್ಲಿ ನೆನೆಯುವುದೂ ಇಲ್ಲ, ಇದು ಪಿಕಪ್ಪಿನಲ್ಲಿ ಸಿಗದ ಸೌಕರ್ಯ. ಬೋಲ್ಟು ಹಾಕಿದರೆ ಸೀಟು ವಾಪಸ್ಸು. ನಿತ್ಯ ಅರ್ಧ ಟನ್ ಹೊರೆಯಿದ್ದರೆ ಹಳೆಯ ಬೊಲೆರೊ ಪಿಕಪ್ ಒಂದನ್ನು ಕೊಳ್ಳುವುದು ಅಗ್ಗ. ಎಪ್ಪತ್ತು ವರ್ಷದ ಡ್ರಮ್ ಬ್ರೇಕಿಗೆ ಆ ಕೆಲಸ ಹೇಳಬೇಡಿ. ಪಿಕಪ್ಪಿನ ರೂಪವೇ ಮಗನಿಗೆ ಇಷ್ಟವಾದರೆ ವಿಲ್ಲಿಸ್ ಪಿಕಪ್ಪಿನ ನಿಜವಾದ 118 ಇಂಚಿನ ಗಾಡಿಯನ್ನು ಹುಡುಕಲಿ. ಅದು ಕಂಪನಿಯಿಂದಲೇ ಪಿಕಪ್ಪಾಗಿ ಬಂದದ್ದು, ಮಾರ್ಪಾಡಿನ ತಕರಾರು ಬರುವುದಿಲ್ಲ.

ಸದ್ಯಕ್ಕೆ ಮಾಡಬೇಕಾದದ್ದು ಇಷ್ಟು. ಫೈರ್‌ವಾಲ್ (ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆ) ಮೇಲಿನ ತಗಡು ಫಲಕದ ನಂಬರನ್ನು ಫೋಟೋ ತೆಗೆಯಿರಿ. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡು ಆರ್‌ಸಿಯಲ್ಲಿರುವುದಕ್ಕೆ ಹೋಲಿಸಿ. ತಾತನವರ ಹೆಸರಿನಲ್ಲೇ ಇದ್ದರೆ ವಾರಸುದಾರರ ಒಪ್ಪಿಗೆಯೊಂದಿಗೆ ಹೆಸರು ಬದಲಾಯಿಸಬೇಕು, ಅವಧಿ ಮುಗಿದ ನೋಂದಣಿಯನ್ನು ತೆರಿಗೆ ಬಾಕಿ ಕಟ್ಟಿ ನವೀಕರಿಸಬೇಕು. ಎಂಜಿನ್ ತಿರುಗಿಸುವ ಮುನ್ನ ಸ್ಪಾರ್ಕ್ ಪ್ಲಗ್ ನಾಲ್ಕನ್ನೂ ಬಿಚ್ಚಿ ಒಂದೊಂದು ಸಿಲಿಂಡರಿಗೆ ಎರಡು ಚಮಚ ತೆಳು ಎಣ್ಣೆ ಹಾಕಿ, ಎರಡು ದಿನ ಬಿಟ್ಟು, ಕೈ ಹ್ಯಾಂಡಲಿನಿಂದ ಮೆಲ್ಲಗೆ ತಿರುಗಿಸಿ ನೋಡಿ. ತಡೆದರೆ ಒತ್ತಾಯ ಮಾಡದೆ ಮತ್ತೆ ಎಣ್ಣೆ ಹಾಕಿ ಬಿಡಿ. ಶೆಡ್ಡಿನ ನೆಲ ಮಣ್ಣಿನದಾಗಿದ್ದರೆ ಗಾಡಿಯಡಿ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಜೂನ್ ಬರುವುದರೊಳಗೆ.